ಓದುಬಳಗಕ್ಕೊಂದು ವಿಜ್ಞಾನ ಪುಸ್ತಕ

ನಮ್ಮ ಓದುಬಳಗದಲ್ಲಿ ಮೊದಲ ಸಲ ವಿಜ್ಞಾನದ ಪುಸ್ತಕ ಓದೋಣ ಎಂದಾಗ ಆಯ್ಕೆಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸ್ಟೀಫನ್ ಹಾಕಿಂಗ್ ಅವರ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಎಂದು ಎಲ್ಲರೂ ಒಟ್ಟಿಗೇ ಅಂದೆವು. 1988ರ ಪುಸ್ತಕ, ಹೆಸರು ಕೇಳದವರಿಲ್ಲ, ಇರುವ ಸಮೀಕರಣವೂ ಒಂದೇ ಒಂದು. ಸಮೀಕರಣ ಒಂದು ಹೆಚ್ಚಿದರೆ ಮಾರಾಟ ಅರ್ಧಕ್ಕಿಳಿಯುತ್ತದೆ ಎಂದು ಯಾರೋ ಹೆದರಿಸಿದ್ದರಂತೆ. ಹಾಗೆಂದು ಅವರೇ ಬರೆದುಕೊಂಡಿದ್ದಾರೆ. ಎಂಟು ಜನ ಶುರುಮಾಡಿದೆವು. ಎರಡನೆಯ ಅಧ್ಯಾಯದಲ್ಲಿ ಬೆಳಕಿನ ಶಂಕುಗಳು ಬಂದವು. ಮುಂದಿನ ಭಾನುವಾರ ಒಬ್ಬರ ಮನೆಯಲ್ಲಿ ನಾಮಕರಣ, ಇನ್ನೊಬ್ಬರಿಗೆ ಜ್ವರ, ಮತ್ತೆ ಮೂವರು ಫೋನೇ ಎತ್ತಲಿಲ್ಲ. ಉಳಿದ ಮೂವರು ಕಾಫಿ ಕುಡಿದು, ‘ಅದ್ಭುತ ಪುಸ್ತಕ’ ಎಂದು ಎದ್ದೆವು.

ಹಾಕಿಂಗ್ ಅವರನ್ನು ದೂರಿ ಫಲವಿಲ್ಲ. ಒಬ್ಬರೇ ಕೂತು ಓದುವ ಪುಸ್ತಕ ಬೇರೆ, ಕೂಡಿ ಓದುವ ಪುಸ್ತಕ ಬೇರೆ. ವಿಶ್ವ ಹೀಗಿದೆ ಎಂದು ದೊಡ್ಡವರು ಹೇಳಿದರೆ ನಾವು ತಲೆಯಾಡಿಸಬಹುದು, ಮಾತು ಅಲ್ಲಿಗೇ ಮುಗಿಯಿತು. ಹೀಗಿದೆ ಎಂದು ಗೊತ್ತಾದದ್ದು ಹೇಗೆ ಎಂಬುದನ್ನು ಬಿಡಿಸಿ ತೋರಿಸುವ ಪುಸ್ತಕವಾದರೆ ನಡುವೆ ಬಾಯಿ ಹಾಕಲು ಜಾಗವಿರುತ್ತದೆ. ಈ ಬಗೆಯ ಬರವಣಿಗೆಯ ರುಚಿಯೆಲ್ಲ ಅಲ್ಲೇ ಇದೆ ಅನ್ನುವವನು ನಾನು.

ಮೈಕೆಲ್ ಫ್ಯಾರಡೆಯ ಮೇಣದಬತ್ತಿಯ ಪುಸ್ತಕವನ್ನೇ ನೋಡಿ. 1860-61ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳ ಮುಂದೆ ಮಾಡಿದ ಆರು ಉಪನ್ಯಾಸಗಳು, 1861ರಲ್ಲಿ ಅಚ್ಚಾದವು. ಆರಕ್ಕೂ ವಸ್ತು ಒಂದೇ, ಉರಿಯುವ ಮೇಣದಬತ್ತಿ. ಕರಗಿದ ಮೇಣ ಬತ್ತಿಯ ಸುತ್ತ ಬಟ್ಟಲಿನಂತೆ ನಿಲ್ಲುವುದೇಕೆ? ಅದು ಬತ್ತಿಯೊಳಗೆ ಮೇಲಕ್ಕೇರುವುದು ಹೇಗೆ? ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆ ಹಿಡಿದರೆ ಅದರ ತಳದಲ್ಲಿ ನೀರು ಕೂಡುವುದು ಎಲ್ಲಿಂದ? ಒಂದು ಪ್ರಶ್ನೆಯ ಬಾಲ ಹಿಡಿದು ಇನ್ನೊಂದು.

ಮೊದಲನೆಯ ಉಪನ್ಯಾಸ ಓದುತ್ತಿದ್ದಂತೆ ನಾವು ಪುಸ್ತಕ ಮಡಚಿಟ್ಟು, ಕರೆಂಟು ಹೋದಾಗ ಬೇಕಾಗುತ್ತದೆಂದು ಅಡುಗೆಮನೆಯಲ್ಲಿ ಇಟ್ಟಿದ್ದ ಮೇಣದಬತ್ತಿ ತಂದು ಹಚ್ಚಿದೆವು. ಮೆಲ್ಲಗೆ ಊದಿ ಆರಿಸಿದರೆ ಬಿಳಿ ಹೊಗೆಯ ಎಳೆಯೊಂದು ಏಳುತ್ತದೆ. ಬತ್ತಿಯಿಂದ ಎರಡು ಅಂಗುಲ ಮೇಲೆ, ಆ ಎಳೆಗೆ ಗೀರಿದ ಕಡ್ಡಿ ಮುಟ್ಟಿಸಿದರೆ ಬೆಂಕಿ ಎಳೆಗುಂಟ ಜಾರಿ ಬಂದು ಬತ್ತಿಗೆ ಹತ್ತಿಕೊಳ್ಳಬೇಕು. ಎರಡು ಸಲ ಆಗಲಿಲ್ಲ. ಫ್ಯಾನ್ ನಿಲ್ಲಿಸಿದೆವು. ಮೂರನೆಯ ಸಲ ಹತ್ತಿಕೊಂಡಿತು. ಹಾಗಾದರೆ ಉರಿಯುವುದು ಮೇಣದ ಆವಿ! ‘ದೇವರ ದೀಪದ ಎಣ್ಣೆಯೂ ಹೀಗೇನಾ? ಮತ್ತೆ ಬತ್ತಿಯೇ ಇಲ್ಲದ ಕರ್ಪೂರ?’ ಎಂದು ಬೆಳಕಿನ ಶಂಕುವಿಗೆ ಜ್ವರ ಬಂದವರೇ ಕೇಳಿದರು. ಆ ಸಂಜೆ ಹನ್ನೆರಡು ಪುಟವೂ ಮುಗಿಯಲಿಲ್ಲ.

ಪುಸ್ತಕ ಆರಿಸುವಾಗ ಬೆನ್ನುಡಿಯನ್ನು ನಂಬಬೇಡಿ. ನಡುವಿನ ಒಂದು ಪುಟ ತೆರೆದು ಗಟ್ಟಿಯಾಗಿ ಓದಿ. ಅನುವಾದವಾದರಂತೂ ಇದು ಬೇಕೇ ಬೇಕು. ಕಣ್ಣಿಗೆ ಕಾಣದ ತೊಡಕು ಕಿವಿಗೆ ತಗಲುತ್ತದೆ. ‘ಕೃಷ್ಣವಿವರ’ ಎಂದು ಓದಿದಾಗ ನಮ್ಮಲ್ಲೊಬ್ಬರು ಭಾಗವತದ ಕಡೆ ಹೊರಟಿದ್ದರು, ‘ಕಪ್ಪುಕುಳಿ’ ಅಂದಮೇಲೆ ವಾಪಸು ಬಂದರು.

ಹಳೆಯ ಪುಸ್ತಕವೆಂದು ಕೈಬಿಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಜಾರ್ಜ್ ಗ್ಯಾಮೊವ್ ‘ಒನ್ ಟೂ ಥ್ರೀ... ಇನ್‌ಫಿನಿಟಿ’ ಪ್ರಕಟಿಸಿದ್ದು 1947ರಲ್ಲಿ; ಡಿಎನ್‌ಎಯ ಜೋಡಿಸುರುಳಿ ತಿಳಿದದ್ದು 1953ರಲ್ಲಿ. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂಬ ಸುದ್ದಿ ಬಂದದ್ದು 1998ರಲ್ಲಿ, ಹಾಕಿಂಗ್ ಪುಸ್ತಕ ಹೊರಬಂದು ಹತ್ತು ವರ್ಷಕ್ಕೆ. ಆಮೇಲೆ ಏನೇನು ಬದಲಾಯಿತು ಎಂದು ಹುಡುಕಿ ತರುವ ಕೆಲಸ ಒಬ್ಬರಿಗೆ ವಹಿಸಿದರೆ ಒಂದು ಭಾನುವಾರ ತುಂಬುತ್ತದೆ.

ಕನ್ನಡದಲ್ಲೇ ಶುರುಮಾಡುವುದಾದರೆ ನನ್ನ ಮತ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿಗೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಸಸ್ಯವಿಜ್ಞಾನದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾರೆ. ಗಿಡದ ಹಿಂದೆ ಗಿಡ, ತಮಾಷೆಯ ಮೇಲೆ ತಮಾಷೆ, ಜೊತೆಗೆ ಅವರೇ ಬರೆದ ಚಿತ್ರಗಳು. ಅಪಾಯವೂ ಆ ತಮಾಷೆಯಲ್ಲೇ ಇದೆ: ನಕ್ಕು ನಕ್ಕು ಗಿಡ ಮರೆತುಹೋಗುತ್ತದೆ. ಅದಕ್ಕೆ, ಓದುವ ಭಾಗದಲ್ಲಿ ಬರುವ ಒಂದಾದರೂ ಗಿಡದ ಎಲೆಯೋ ಕಾಯೋ ಮೇಜಿನ ಮೇಲಿರಲಿ. ತೇಜಸ್ವಿಯವರ ‘ಕರ್ವಾಲೊ’ ಯಾಕಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಕಾದಂಬರಿ, ಬೇರೆ ಕಪಾಟಿನದು. ಆದರೂ ಹಾರುವ ಓತಿಯಲ್ಲಿ ಜೀವವಿಜ್ಞಾನ ಎಷ್ಟು, ಕಲ್ಪನೆ ಎಷ್ಟು ಎಂಬ ಜಗಳಕ್ಕೆ ಅದರಷ್ಟು ಒಳ್ಳೆಯ ಪುಸ್ತಕ ಇನ್ನೊಂದಿಲ್ಲ.

ಬಳಗದಲ್ಲಿ ವಿಷಯ ಬಲ್ಲವರೊಬ್ಬರಿದ್ದರೆ ಹುಷಾರಾಗಿರಿ, ಹರಟೆ ತರಗತಿಯಾಗಿಬಿಡುತ್ತದೆ. ನಮ್ಮಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಮೊದಲ ಅರ್ಧ ಗಂಟೆ ಅವರು ಉತ್ತರ ಹೇಳುವಂತಿಲ್ಲ. ಕಡ್ಡಿ ಗೀರುವ ಕೆಲಸ ಮಾತ್ರ ಅವರದು.