ಕುಪವಾಡದ ವ್ಯಾಕರಣ, ಮಂಠಾಳದ ವ್ಯಾಪಾರ

ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಕುಪವಾಡದ ಅಧ್ಯಯನ ಭಾಷಾಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುವ ಲೇಖನ. ಸಾಂಗ್ಲಿ ಜಿಲ್ಲೆಯ ಆ ಊರಿನಲ್ಲಿ ಜೈನರು, ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ದಲಿತರದು ಮರಾಠಿ. ಶತಮಾನಗಳ ಒಡನಾಟದಲ್ಲಿ ಇವುಗಳ ವಾಕ್ಯರಚನೆ ಬಹುಪಾಲು ಒಂದೇ ಆಗಿದೆ, ಪದಗಳಷ್ಟೇ ಬೇರೆ ಉಳಿದಿವೆ ಎಂಬುದು ಅವರ ವಾದ. ಅಲ್ಲಿನ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂಬಂಥ ವಾಕ್ಯದ ಕೊನೆಗೂ ಮರಾಠಿಯ ‘ಆಹೇ’ಯಂತೆ ಒಂದು ಕ್ರಿಯಾಪದ ಬರುತ್ತದೆ ಎಂದು ಓದಿದಾಗ ನನಗೆ ನಗು ಬಂತು. ‘ನನ್ನ ಹೆಸರು ಹಿಂಗ ಅದ’ ಎಂದು ಬರೆದದ್ದಕ್ಕೆ ಶಾಲೆಯಲ್ಲಿ ಆ ‘ಅದ’ದ ಮೇಲೆ ಕೆಂಪು ಗೆರೆ ಬಿದ್ದಿತ್ತು. ನನ್ನ ತಪ್ಪಿಗೆ ಇಷ್ಟು ದೊಡ್ಡ ಶಾಸ್ತ್ರವಿತ್ತೇ!

ಆದರೆ ಲೇಖನದ ಒಂದು ಮಾತು ನನಗೆ ಒಗ್ಗಿಲ್ಲ. ಮರಾಠಿ ಊರಿನ ಪ್ರಬಲ ಗುಂಪುಗಳ ಮನೆಮಾತಲ್ಲ, ಆದ್ದರಿಂದ ಪರಸ್ಪರ ಮಾತಿಗೆ ಅದು ತಟಸ್ಥ ಎನ್ನುತ್ತಾರೆ. ಮಂಠಾಳದಲ್ಲಿ ಆ ಕೆಲಸ ಹೆಚ್ಚಾಗಿ ದಖನಿಯದು. ಅದರ ಬಂಧು ಉರ್ದು 1948ರ ತನಕ ನಿಜಾಮನ ಕಚೇರಿಯ ಭಾಷೆಯಾಗಿತ್ತು. ತಟಸ್ಥ ಎನ್ನಲು ನಾಲಿಗೆ ಹೊರಳುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಅವರು ಒತ್ತಿ ಕೇಳುವುದೇ ಇಲ್ಲ: ಯಾರ ಭಾಷೆಯನ್ನು ಯಾರು ಕಲಿಯಬೇಕು? ಮಂಠಾಳದಲ್ಲಿ ಕಾಯಿಪಲ್ಲೆ ಮಾರುವ ಲಂಬಾಣಿ ಹೆಂಗಸೊಬ್ಬರ ಪಕ್ಕದಲ್ಲಿ ಎರಡು ಬೆಳಗು ಕೂತಿದ್ದೆ. ಒಬ್ಬರಿಗೆ ‘ಅಕ್ಕಾ’, ಇನ್ನೊಬ್ಬರಿಗೆ ‘ತಾಈ’, ಮತ್ತೊಬ್ಬರಿಗೆ ‘ಭಾಭೀ’. ಸಂಬೋಧನೆ ಬದಲಾದ ಕೂಡಲೇ ಪಾವ್ ಕಿಲೋ ಬದನೆಕಾಯಿಯ ದರವೂ ಚೌಕಾಶಿಯೂ ಆ ಭಾಷೆಗೆ ಹೊರಳುತ್ತಿದ್ದವು. ಮಗಳನ್ನು ಗದರಿದ್ದು ಮಾತ್ರ ಲಂಬಾಣಿಯಲ್ಲಿ. ಅಷ್ಟು ಗಿರಾಕಿಗಳಲ್ಲಿ ಒಬ್ಬರೂ ಅವರೊಡನೆ ಲಂಬಾಣಿ ಆಡಲಿಲ್ಲ. ಆಡಬೇಕಾದ ಜರೂರೂ ಅವರಿಗಿರಲಿಲ್ಲ. ಕುಪವಾಡದ ಲೇಖನದಲ್ಲಿ ಭಾಷೆಗಳು ಪರಸ್ಪರ ಕೊಟ್ಟು ತೆಗೆದುಕೊಳ್ಳುತ್ತವೆ. ಇಲ್ಲಿ ನಾನು ಕಂಡ ಕೊಡುಕೊಳ್ಳುವಿಕೆಯಲ್ಲಿ ಕಲಿಯುವ ಕೆಲಸವೆಲ್ಲ ಮಾರುವವರ ಪಾಲಿಗಿತ್ತು.

ನಿಮಗೆ ಎಷ್ಟು ಭಾಷೆ ಬರುತ್ತವೆ ಎಂದು ಕೇಳಿದೆ. “ನಮಗೆಲ್ಲಿ ಭಾಷಾ ಬರ್ತಾವ ತಮ್ಮಾ, ಸಾಲಿನೇ ಕಲ್ತಿಲ್ಲ” ಎಂದರು.

ಸರಕಾರದ ಲೆಕ್ಕವೂ ಅವರ ಉತ್ತರದಿಂದ ದೂರವಿಲ್ಲ. 2011ರ ಜನಗಣತಿಯಲ್ಲಿ ತಾಯ್ನುಡಿಯ ಜೊತೆಗೆ ಇನ್ನೆರಡು ಭಾಷೆಗಳಿಗಷ್ಟೇ ಜಾಗವಿತ್ತು. ಅವರ ಕನ್ನಡ, ಮರಾಠಿ, ದಖನಿಗಳಲ್ಲಿ ಒಂದನ್ನು ಹೊರಗಿಡಲೇಬೇಕು. ಇನ್ನು ಲಂಬಾಣಿ? ಅದನ್ನು ಅಲ್ಲಿ ಹಿಂದಿಯ ಕೆಳಗೆ ಸೇರಿಸಿದ್ದಾರೆ.