ಮೇಜು ಬಿಟ್ಟು ಗ್ಯಾರೇಜಿಗೆ: ಕ್ರಾಫರ್ಡ್ ಪುಸ್ತಕದ ಒಂದು ಓದು

ಆಫೀಸಿನ ಕೆಲಸ ಬಿಟ್ಟು ಬೈಕ್ ರಿಪೇರಿಗೆ ಇಳಿಯಬೇಕು ಎನ್ನುವ ಮಾತು ಬೆಂಗಳೂರಿನಲ್ಲಿ ಈಗ ಆಗಾಗ ಕಿವಿಗೆ ಬೀಳುತ್ತದೆ. ಹಾಗೆನ್ನುವವರಲ್ಲಿ ಓದುವ ಅಭ್ಯಾಸ ಉಳ್ಳವರು ಸಾಮಾನ್ಯವಾಗಿ ಒಂದು ಪುಸ್ತಕದ ಹೆಸರು ಹೇಳುತ್ತಾರೆ: ಅಮೆರಿಕದ ಮ್ಯಾಥ್ಯೂ ಕ್ರಾಫರ್ಡ್ ಬರೆದ ‘ಶಾಪ್ ಕ್ಲಾಸ್ ಆ್ಯಸ್ ಸೋಲ್‌ಕ್ರಾಫ್ಟ್’. 2006ರಲ್ಲಿ ‘ದ ನ್ಯೂ ಅಟ್ಲಾಂಟಿಸ್’ ಪತ್ರಿಕೆಗೆ ಬರೆದ ಪ್ರಬಂಧವನ್ನು ಹಿಗ್ಗಿಸಿ ಅವರು ಇದನ್ನು 2009ರಲ್ಲಿ ಪುಸ್ತಕ ಮಾಡಿದರು. ನೌಕರಿಗೆ ರಾಜೀನಾಮೆ ಕೊಡಲು ಧೈರ್ಯ ತುಂಬುವ ಪುಸ್ತಕ ಎಂದೇ ಇದನ್ನು ಬಹಳ ಮಂದಿ ಓದಿದ್ದಾರೆ. ಆ ಓದು ಪುಸ್ತಕಕ್ಕೂ ನ್ಯಾಯ ಮಾಡುವುದಿಲ್ಲ, ಗ್ಯಾರೇಜಿಗೂ ನ್ಯಾಯ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಶಾಪ್ ಕ್ಲಾಸ್ ಎಂದರೆ ಅಮೆರಿಕದ ಹೈಸ್ಕೂಲುಗಳಲ್ಲಿ ಮರಗೆಲಸ, ಲೋಹದ ಕೆಲಸ, ಮೋಟಾರು ರಿಪೇರಿ ಕಲಿಸುತ್ತಿದ್ದ ತರಗತಿ. ಕಂಪ್ಯೂಟರ್ ಶಿಕ್ಷಣದ ಭರಾಟೆಯಲ್ಲಿ ಶಾಲೆಗಳು ಈ ತರಗತಿಗಳನ್ನು ಮುಚ್ಚಿದವು, ಅವುಗಳ ಲೇತುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಪುಸ್ತಕ ಶುರುವಾಗುವುದು ಅಲ್ಲಿಂದ. ಕ್ರಾಫರ್ಡ್ ಹದಿಹರೆಯದಲ್ಲೇ ವೈರಿಂಗ್ ಕೆಲಸ ಕಲಿತವರು. ಆಮೇಲೆ ಭೌತಶಾಸ್ತ್ರ ಓದಿದರು, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ರಾಜಕೀಯ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ವಾಷಿಂಗ್ಟನ್ನಿನ ಒಂದು ಚಿಂತನಾ ಸಂಸ್ಥೆಗೆ ನಿರ್ದೇಶಕರಾಗಿ ಸೇರಿ ಐದು ತಿಂಗಳಿಗೇ ಹೊರಬಂದರು. ಮೊದಲೇ ಗೊತ್ತಾಗಿರುವ ತೀರ್ಮಾನಕ್ಕೆ ಕಾರಣಗಳನ್ನು ಜೋಡಿಸಿಕೊಡುವುದೇ ಅಲ್ಲಿ ತಮ್ಮ ಕೆಲಸವಾಗಿತ್ತು ಎಂದು ಅವರು ನೇರವಾಗಿ ಬರೆಯುತ್ತಾರೆ. ಅಲ್ಲಿಯ ಸಂಬಳದಿಂದ ಪಾನಾ, ಸಾಕೆಟ್ ಕೊಂಡು ವರ್ಜಿನಿಯಾದ ರಿಚ್ಮಂಡ್‌ನಲ್ಲಿ ‘ಶಾಕೋ ಮೋಟೊ’ ಎಂಬ ಹಳೆಯ ಬೈಕುಗಳ ರಿಪೇರಿ ಅಂಗಡಿ ತೆರೆದರು.

ಆಫೀಸಿನ ಬಗ್ಗೆ ಅವರ ಟೀಕೆ ಹಗುರವಾದದ್ದಲ್ಲ. ಅದಕ್ಕೆ ಆಧಾರ ಅವರೇ ಮಾಡಿದ ಇನ್ನೊಂದು ಕೆಲಸ. ಎಂ.ಎ. ಮುಗಿಸಿದ ಮೇಲೆ ಕ್ಯಾಲಿಫೋರ್ನಿಯಾದ ಒಂದು ಕಂಪನಿಯಲ್ಲಿ ವಿದ್ವತ್ ಪತ್ರಿಕೆಗಳ ಲೇಖನಗಳಿಗೆ ಸಾರಾಂಶ ಬರೆಯುತ್ತಿದ್ದರು. ಮೊದಲು ದಿನಕ್ಕೆ 15 ಲೇಖನ ಮುಗಿಸಬೇಕಿತ್ತು; ಒಂದು ವರ್ಷ ತುಂಬುವ ಮೊದಲೇ ಅದು 28ಕ್ಕೆ ಏರಿತು. ಅಷ್ಟು ಹೊತ್ತಿನಲ್ಲಿ ಒಂದು ಲೇಖನವನ್ನು ಅರ್ಥ ಮಾಡಿಕೊಳ್ಳುವುದಕ್ಕೇ ಆಗುವುದಿಲ್ಲ. ಅರ್ಥವಾಗದೆಯೂ ಸಾರಾಂಶ ಬರೆಯುವುದನ್ನು ಕಲಿಯಬೇಕಾಗುತ್ತದೆ, ಹಾಗೆ ಕಲಿಯಲು ಓದುವಾಗ ಮನಸ್ಸನ್ನು ಬೇಕೆಂದೇ ಮಂಕು ಮಾಡಿಕೊಳ್ಳಬೇಕಾಗುತ್ತದೆ. ಬರೆದದ್ದು ಸರಿಯೋ ತಪ್ಪೋ ಎಂದು ಯಾರೂ ನೋಡುವುದಿಲ್ಲ, ವ್ಯಾಕರಣ ಸರಿಯಿದ್ದರೆ ಆಯಿತು. ಈ ಪುಟಗಳನ್ನು ಓದುವಾಗ ಬೆಂಗಳೂರಿನ ಟಿಕೆಟ್, ಟಾರ್ಗೆಟ್, ಅಪ್ರೈಸಲ್‌ಗಳ ನಡುವೆ ದುಡಿಯುವ ಯಾರಿಗಾದರೂ ಎದೆ ಚುರುಕ್ ಎನ್ನುತ್ತದೆ. ಬುದ್ಧಿಯ ಕೆಲಸ ಎಂದು ಕರೆಸಿಕೊಳ್ಳುವ ಜಾಗದಲ್ಲಿ ಬುದ್ಧಿಯನ್ನೇ ಬದಿಗಿಡಬೇಕಾದ ಸಂಕಟವನ್ನು ಇಷ್ಟು ನಿಖರವಾಗಿ ಹೇಳಿದ ಬರವಣಿಗೆ ನಾನು ಹೆಚ್ಚು ಕಂಡಿಲ್ಲ.

ರಿಪೇರಿಯನ್ನು ಕುರಿತ ಅಧ್ಯಾಯಗಳು ಇದಕ್ಕಿಂತಲೂ ಮೇಲು. ಕೈಕೆಲಸ ಮನಸ್ಸಿಗೆ ಹಿತ, ಸರಳ ಜೀವನಕ್ಕೆ ದಾರಿ ಎಂಬಂಥ ಭಾವುಕತೆ ಅವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮೆಕ್ಯಾನಿಕ್ ಹಗಲೆಲ್ಲ ಯೋಚಿಸುತ್ತಾನೆ, ಆ ಯೋಚನೆ ಆಫೀಸಿನ ಯೋಚನೆಗಿಂತ ಕಠಿಣ ಎಂಬುದು ಅವರ ವಾದ. ರಾಬರ್ಟ್ ಪಿರ್ಸಿಗ್ ಅವರ 1974ರ ಪ್ರಸಿದ್ಧ ಪುಸ್ತಕದಿಂದ ಅವರು ಒಂದು ಪ್ರಸಂಗ ಎತ್ತಿಕೊಳ್ಳುತ್ತಾರೆ. ಎಂಜಿನ್ನಿಗೆ ಆಯಿಲ್ ಸಾಗಿಸುವ ವ್ಯವಸ್ಥೆಯಲ್ಲಿ 25 ಸೆಂಟಿನ ಒಂದು ಪಿನ್ ಮುರಿದಿರುತ್ತದೆ. ರೇಡಿಯೊ ಹಾಕಿಕೊಂಡು ಕೆಲಸ ಮಾಡುವ ಹುಡುಗರು ಅದನ್ನು ಗಮನಿಸದೆ ಎಂಜಿನ್ನನ್ನು ಮತ್ತೆ ಮತ್ತೆ ಬಿಚ್ಚಿ ಹಾಳು ಮಾಡುತ್ತಾರೆ. ಕ್ರಾಫರ್ಡ್ ಇದರಲ್ಲಿ ಕೈಚಳಕದ ಕೊರತೆಯನ್ನು ಕಾಣುವುದಿಲ್ಲ, ಎದುರಿಗಿರುವ ವಸ್ತುವಿನ ಕಡೆಗೆ ಗಮನವಿಲ್ಲದ್ದನ್ನು ಕಾಣುತ್ತಾರೆ. ಅವರ ದೃಷ್ಟಿಯಲ್ಲಿ ಅದು ನೀತಿಯ ವಿಷಯವೂ ಹೌದು.

ಇದು ನಿಜವೆಂದು ತಿಳಿಯಲು ಯಾವ ಗ್ಯಾರೇಜಿನಲ್ಲಾದರೂ ಟ್ಯಾಪೆಟ್, ಅಂದರೆ ವಾಲ್ವಿನ ಗ್ಯಾಪ್, ಹೊಂದಿಸುವುದನ್ನು ನಿಂತು ನೋಡಬೇಕು. ಎಂಜಿನ್ ತಣ್ಣಗಿರಬೇಕು. ಪಿಸ್ಟನ್ ಕಂಪ್ರೆಷನ್ನಿನ ಕೊನೆಯಲ್ಲಿ ಪೂರ್ತಿ ಮೇಲೆ ಬಂದಿರಬೇಕು. ಮ್ಯಾಗ್ನೆಟ್ ಮೇಲಿನ ಗುರುತನ್ನಷ್ಟೇ ನಂಬಿದರೆ ಎಕ್ಸಾಸ್ಟ್ ಸುತ್ತಿನಲ್ಲಿ ಸಿಕ್ಕಿಬೀಳುವ ಅಪಾಯ ಇರುತ್ತದೆ. ರಾಕರ್‌ಗೂ ವಾಲ್ವಿನ ತಲೆಗೂ ನಡುವೆ ಫೀಲರ್ ಗೇಜಿನ ತೆಳ್ಳನೆಯ ಎಲೆಯನ್ನು ತೂರಿಸಿ ಎಳೆದಾಗ ಅದು ಸುಮ್ಮನೆ ಜಾರಬಾರದು, ಹಿಡಿದುಕೊಳ್ಳಲೂಬಾರದು, ಅಷ್ಟಿಷ್ಟು ಕಚ್ಚಬೇಕು. ಎಷ್ಟು ಮಿಲಿಮೀಟರ್ ಎನ್ನುವುದು ಮ್ಯಾನ್ಯುಅಲ್‌ನಲ್ಲಿದೆ. ಎಷ್ಟು ಕಚ್ಚಬೇಕು ಎನ್ನುವುದು ಅದರಲ್ಲಿಲ್ಲ. ಇಷ್ಟಾದ ಮೇಲೆ ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂದಲೆಳೆಯಷ್ಟು ತಿರುಗಿಬಿಡುತ್ತದೆ, ಗ್ಯಾಪ್ ಬದಲಾಗುತ್ತದೆ, ಮತ್ತೆ ಅಳೆಯಬೇಕು. ಹೊಸಬ ಇಲ್ಲಿ ಅಳೆಯದೆ ಕವರ್ ಮುಚ್ಚುತ್ತಾನೆ. ಅನುಭವಸ್ಥ ಮುಚ್ಚಿ ಗಾಡಿ ಸ್ಟಾರ್ಟ್ ಮಾಡಿದ ಮೇಲೂ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುತ್ತಾನೆ. ಇಂಥ ಅರಿವು ಓದಿನಿಂದ ಬರುವುದಿಲ್ಲ, ಆದರೆ ಓದಿನಷ್ಟೇ ಗೌರವಕ್ಕೆ ಅರ್ಹ ಎಂಬುದನ್ನು ಕ್ರಾಫರ್ಡ್ ಭಾಷಣ ಮಾಡದೆ ತೋರಿಸಿಕೊಟ್ಟಿದ್ದಾರೆ. ಪುಸ್ತಕದ ದೊಡ್ಡ ಸಾಧನೆ ಇದು.

1983ರ ಹೋಂಡಾ ಮ್ಯಾಗ್ನಾ ಬೈಕಿನ ಪ್ರಸಂಗವನ್ನೂ ಇಲ್ಲಿ ಹೇಳಬೇಕು. ಬಹಳ ಕಾಲ ನಿಂತೇ ಇದ್ದ ಗಾಡಿ ಅದು, ಬಂದದ್ದು ಕ್ಲಚ್ ತೊಂದರೆಗೆ. ಕ್ರಾಫರ್ಡ್ ಕೈ ಹಾಕಿದಾಗ ಒಳಗಿನ ಒಂದು ಆಯಿಲ್ ಸೀಲ್ ಮೇಲೆ ಅನುಮಾನ ಬರುತ್ತದೆ. ಕೆದಕುತ್ತಾರೆ, ಇನ್ನೂ ಕೆದಕುತ್ತಾರೆ. ಒಂದು ಹಂತದಲ್ಲಿ ಅವರಿಗೇ ಹೊಳೆಯುತ್ತದೆ: ಈಗ ದುಡಿಯುತ್ತಿರುವುದು ಗಾಡಿಯ ಯಜಮಾನನಿಗಾಗಿ ಅಲ್ಲ, ತನ್ನ ಕುತೂಹಲಕ್ಕಾಗಿ. ಆ ಗಂಟೆಗಳನ್ನು ಬಿಲ್ಲಿಗೆ ಸೇರಿಸಬೇಕೇ? ಗಿರಾಕಿಯ ಮುಖ ನೋಡಿ ಹೇಳಬಹುದಾದ ಮೊತ್ತ ಯಾವುದು? ತತ್ವಶಾಸ್ತ್ರದ ಪುಸ್ತಕಗಳಲ್ಲಿ ನೀತಿಯ ಪ್ರಶ್ನೆ ಇಷ್ಟು ಮೂರ್ತವಾಗಿ ಎದುರಾಗುವುದು ಅಪರೂಪ. ರಾಜೀನಾಮೆಯ ಉತ್ಸಾಹದಲ್ಲಿ ಈ ಪುಸ್ತಕ ಹಿಡಿದವರು ಮೊದಲು ಈ ಭಾಗವನ್ನು ಓದಲಿ ಎನ್ನುತ್ತೇನೆ. ಯಂತ್ರದ ಮೇಲಿನ ಪ್ರೀತಿಯೇ ಗಿರಾಕಿಗೆ ಅನ್ಯಾಯವಾಗಬಹುದು ಎಂಬ ತಿಳಿವು ಹವ್ಯಾಸಿಗೆ ಬೇಕಿಲ್ಲ, ಕಸುಬುದಾರನಿಗೆ ಬೇಕು.

ಕಾರ್ಖಾನೆಯ ಕೆಲಸವನ್ನು ಚೂರು ಚೂರು ಮಾಡಿ ಹಂಚಿದ ಟೇಲರ್, ಫೋರ್ಡ್‌ಗಳ ಚರಿತ್ರೆ ಹೇಳುವ ಅಧ್ಯಾಯ ಅಷ್ಟು ಸ್ವಂತದ್ದಲ್ಲ. ಹ್ಯಾರಿ ಬ್ರೇವರ್ಮನ್ 1974ರಲ್ಲಿ ಹೇಳಿದ್ದರ ಮೇಲೆ ಅದು ನಿಂತಿದೆ, ಕ್ರಾಫರ್ಡ್ ಅದನ್ನು ಮುಚ್ಚಿಡುವುದೂ ಇಲ್ಲ. ಅದರಲ್ಲಿ ಒಂದು ಲೆಕ್ಕ ಮಾತ್ರ ಮರೆಯುವಂಥದಲ್ಲ: 1913ರಲ್ಲಿ ಫೋರ್ಡ್ ಕಾರ್ಖಾನೆಗೆ ಅಸೆಂಬ್ಲಿ ಲೈನ್ ಬಂದಾಗ ಕೆಲಸಗಾರರು ಎಷ್ಟು ಬೇಗ ಬಿಟ್ಟು ಹೋಗುತ್ತಿದ್ದರೆಂದರೆ 100 ಜನ ಉಳಿಯಬೇಕಾದರೆ 963 ಜನರನ್ನು ಸೇರಿಸಿಕೊಳ್ಳಬೇಕಿತ್ತು. ಯಂತ್ರ ಬಿಚ್ಚಿ ಜೋಡಿಸಬಲ್ಲವರಿಗೆ ಒಂದೇ ಬೋಲ್ಟ್ ತಿರುಗಿಸುವ ಕೆಲಸ ಸಹಿಸಲಾಗಲಿಲ್ಲ. ಮರುವರ್ಷ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ್ದರ ಹಿಂದೆ ಈ ಸಂಗತಿಯೂ ಇದೆ.

ನನ್ನ ತಕರಾರು ಈಗ ಹೇಳುತ್ತೇನೆ. ಕ್ರಾಫರ್ಡ್ ಗ್ಯಾರೇಜಿಗೆ ಬರುವ ದಾರಿಯನ್ನು ಒಬ್ಬ ವ್ಯಕ್ತಿಯ ನಿರ್ಧಾರವಾಗಿ ನೋಡುತ್ತಾರೆ. ಆ ದಾರಿಯ ಕೊನೆಯಲ್ಲಿ ಮೊದಲೇ ನಿಂತಿರುವವರ ಕಣ್ಣಿನಿಂದ ನೋಡುವುದಿಲ್ಲ. ನಮ್ಮಲ್ಲಿ ಗ್ಯಾರೇಜು ಯಾರದು? ಶಾಲೆ ಅರ್ಧಕ್ಕೆ ಬಿಟ್ಟ ಹುಡುಗರದು, ಅಪ್ಪನ ಕಸುಬನ್ನೇ ಹಿಡಿದವರದು, ಊರಿನಲ್ಲಿ ಬೇಸಾಯ ಕೈಕೊಟ್ಟು ನಗರಕ್ಕೆ ಬಂದವರದು. 14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಎಂದು ಕಾನೂನು ಹೇಳುತ್ತದೆ. ಆದರೆ ಇಂದು ನಡುವಯಸ್ಸು ದಾಟಿದ ಎಷ್ಟೋ ಮೇಸ್ತ್ರಿಗಳು ಆ ವಯಸ್ಸಿಗೆ ಮೊದಲೇ ಉಸ್ತಾದರ ಬಳಿ ಸೇರಿದವರು. ಮೊದಲ ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದು ಚಹಾ ತರುವ ಕೆಲಸ, ಸೀಮೆಎಣ್ಣೆಯಲ್ಲಿ ಚೈನ್ ತೊಳೆಯುವ ಕೆಲಸ, ಬೈಗುಳ, ವಾರಕ್ಕೊಮ್ಮೆ ಸಣ್ಣ ಕೈಖರ್ಚು. ಕೈಕೆಲಸವನ್ನು ಕೀಳೆಂದು ಕಂಡ ಸಮಾಜ ನಮ್ಮದು. ಇಂಥ ಕೆಲಸಗಳನ್ನು ಹುಟ್ಟಿನಿಂದ ಹಂಚಿದ ಸಮಾಜವೂ ಹೌದು. ಇಂಥಲ್ಲಿ ಗ್ರೀಸ್ ಮೆತ್ತಿದ ಕೈಯ ಘನತೆಯನ್ನು ಪದವೀಧರನೊಬ್ಬ ಬಂದು ಕಂಡುಹಿಡಿದ ಎನ್ನುವ ಕಥೆ ನನಗೆ ಕಸಿವಿಸಿ ತರುತ್ತದೆ. ಘನತೆ ಅಲ್ಲಿ ಮೊದಲೂ ಇತ್ತು. ನೋಡುವವರು ಇರಲಿಲ್ಲ.

ಕ್ರಾಫರ್ಡ್‌ಗೆ ಡಾಕ್ಟರೇಟ್ ಇತ್ತು. ಅಂಗಡಿ ನಡೆಸುತ್ತಲೇ ಅವರು ವರ್ಜಿನಿಯಾ ವಿಶ್ವವಿದ್ಯಾಲಯದ ಒಂದು ಅಧ್ಯಯನ ಸಂಸ್ಥೆಯ ಫೆಲೋ ಕೂಡ ಆಗಿದ್ದರು. ಇದನ್ನು ಅವರ ಪ್ರಾಮಾಣಿಕತೆಯ ವಿರುದ್ಧ ಹೇಳುತ್ತಿಲ್ಲ. ಆದರೆ ಬೇಡವೆನಿಸಿದಾಗ ಹಿಂದಿರುಗಬಹುದಾದವನ ಗ್ಯಾರೇಜೂ ಬೇರೆ ದಾರಿಯೇ ಇಲ್ಲದವನ ಗ್ಯಾರೇಜೂ ಒಂದೇ ಅಲ್ಲ. ಬೆನ್ನುನೋವು, ಮಳೆಗಾಲದಲ್ಲಿ ಕಡಿಮೆಯಾಗುವ ಕೆಲಸ, ಬಾಡಿಗೆ, ಪಿ.ಎಫ್. ಇಲ್ಲದ ಮುಪ್ಪು, ಇವೆಲ್ಲ ಪುಸ್ತಕದಲ್ಲಿ ಬರಬೇಕಾದಷ್ಟು ಬರುವುದಿಲ್ಲ. ಹೆಂಗಸರಂತೂ ಈ ವರ್ಕ್‌ಶಾಪಿನ ಲೋಕದಲ್ಲಿ ಕಾಣುವುದೇ ಅಪರೂಪ. ಗಂಡಸರ ಒಡನಾಟ, ಗಂಡಸರ ಒರಟು ಮಾತುಗಳನ್ನು ಲೇಖಕರು ಸವಿದು ವರ್ಣಿಸುತ್ತಾರೆ, ಆ ಒಡನಾಟದ ಬಾಗಿಲು ಯಾರಿಗೆ ಮುಚ್ಚಿದೆ ಎಂದು ಕೇಳುವುದಿಲ್ಲ.

ಇನ್ನೊಂದು ವಾದವನ್ನು ಬೆಂಗಳೂರಿನಲ್ಲಿ ಕುಳಿತು ಓದಿದರೆ ಅದರ ಅರ್ಥವೇ ಬದಲಾಗುತ್ತದೆ. ಅರ್ಥಶಾಸ್ತ್ರಜ್ಞ ಅಲನ್ ಬ್ಲೈಂಡರ್ 2006ರಲ್ಲಿ ಹೇಳಿದ್ದನ್ನು ಕ್ರಾಫರ್ಡ್ ಮುಂದುವರಿಸುತ್ತಾರೆ: ತಂತಿಯ ಮೂಲಕ ಕಳಿಸಬಹುದಾದ ಕೆಲಸ ದೂರದ ದೇಶಕ್ಕೆ ಹೋಗಿಬಿಡುತ್ತದೆ, ಕಾರು ರಿಪೇರಿ ಮಾತ್ರ ಕಾರು ಇದ್ದಲ್ಲೇ ಆಗಬೇಕು, ಆದ್ದರಿಂದ ಕೈಕೆಲಸ ಕಲಿತವನ ಅನ್ನಕ್ಕೆ ಕುತ್ತಿಲ್ಲ. ಆ ದೂರದ ದೇಶ ನಮ್ಮದೇ. ಅಮೆರಿಕದಿಂದ ಹೊರಟ ಕೆಲಸ ಬಂದು ಇಳಿದ ಊರುಗಳಲ್ಲಿ ಬೆಂಗಳೂರು ಮುಂಚೂಣಿಯಲ್ಲಿತ್ತು. ಆ ಕೆಲಸವನ್ನು ನಂಬಿ ಸಾಲ ಮಾಡಿ ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದ ಮನೆಗಳು ನಮ್ಮ ಜಿಲ್ಲೆ ಜಿಲ್ಲೆಯಲ್ಲೂ ಇವೆ. ರಿಚ್ಮಂಡ್‌ನಲ್ಲಿ ಅದು ಕೈತಪ್ಪಿದ ನೌಕರಿ. ಇಲ್ಲಿ ಅದು ಒಂದು ಕುಟುಂಬ ಮೊದಲ ಬಾರಿಗೆ ಕೈಕೆಲಸದಿಂದ ಪಾರಾದ ದಾರಿ. ಅಂಥ ಮನೆಯ ಮಗಳೋ ಮಗನೋ ಗ್ಯಾರೇಜಿಗೆ ಮರಳುತ್ತೇನೆ ಎಂದಾಗ ಅಪ್ಪ ಅಮ್ಮ ಕಂಗಾಲಾಗುವುದನ್ನು ಬರಿಯ ಪ್ರತಿಷ್ಠೆಯ ಮೋಹ ಎಂದು ತಳ್ಳಿಹಾಕಲಾಗದು.

ಕೆಲಸ ಕಾರಿನ ಜೊತೆ ಇಲ್ಲೇ ಇರುತ್ತದೆ ಎನ್ನುವ ಭರವಸೆಗೂ 2009ರ ನಂತರ ಪೆಟ್ಟು ಬಿದ್ದಿದೆ. ಇದರ ಸುಳಿವು ಪುಸ್ತಕದಲ್ಲೇ ಇದೆ. ಆಯಿಲ್ ಎಷ್ಟಿದೆ ಎಂದು ನೋಡುವ ಡಿಪ್‌ಸ್ಟಿಕ್ಕೇ ಇಲ್ಲದ ಮರ್ಸಿಡಿಸ್ ಮಾದರಿಗಳ ಮಾತು ಬರುತ್ತದೆ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಬಂದ ಮೇಲೆ ಬಹುಪಾಲು ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಜೆಟ್ ಬಿಚ್ಚಿ ಗಾಳಿ ಹೊಡೆದು ಸರಿಪಡಿಸುತ್ತಿದ್ದ ಮೇಸ್ತ್ರಿಗೆ ಈಗ ಸ್ಕ್ಯಾನರ್ ಬೇಕು, ಅದರ ಸಾಫ್ಟ್‌ವೇರ್ ಬೇಕು. ಕಾರುಗಳ ಲೋಕದಲ್ಲಿ ಇಂಥವನ್ನು ಕೊಡುವುದು ಬಿಡುವುದು ಕಂಪನಿಯ ಇಷ್ಟ ಎಂಬ ಸ್ಥಿತಿ ಅದಕ್ಕೂ ಮೊದಲೇ ಇತ್ತು. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿದ್ದು ಇದೇ ಕಾರಣಕ್ಕೆ: ಬಿಡಿಭಾಗ, ತಪಾಸಣಾ ಉಪಕರಣ, ತಾಂತ್ರಿಕ ಮಾಹಿತಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ, ಮತ್ತೆ 2020ರಲ್ಲಿ, ರಿಪೇರಿಯ ಹಕ್ಕಿಗೆ ಮತ ಹಾಕಿದರು. ಗ್ಯಾರೇಜಿನ ಸ್ವಾತಂತ್ರ್ಯವನ್ನು ಒಬ್ಬನ ಶೀಲದಿಂದ ಉಳಿಸಿಕೊಳ್ಳಲಾಗದು, ಅದಕ್ಕೆ ಕಾನೂನಿನ ಬಲ ಬೇಕು ಎಂಬುದನ್ನು ಈ ಬೆಳವಣಿಗೆಗಳು ಹೇಳುತ್ತವೆ. ಕ್ರಾಫರ್ಡ್ ಆ ಕಡೆಗೆ ಹೆಚ್ಚು ಹೋಗುವುದಿಲ್ಲ.

ಷಿಕಾಗೊದಲ್ಲಿ ಕ್ರಾಫರ್ಡ್‌ಗೆ ದಾರಿ ತೋರಿದ ಹಿರಿಯ ಮೆಕ್ಯಾನಿಕ್ ಒಬ್ಬರು ಪುಸ್ತಕದಲ್ಲಿ ಬರುತ್ತಾರೆ. ಅವರ ಜ್ಞಾನವನ್ನು ಲೇಖಕರು ಮನಸಾರೆ ಗೌರವಿಸಿ ಬರೆದಿದ್ದಾರೆ. ಡಾಕ್ಟರೇಟ್ ಹಿಡಿದು ಬಂದ ಶಿಷ್ಯನ ಬಗ್ಗೆ ಆ ಗುರುವಿಗೆ ಏನನ್ನಿಸಿತೋ, ಅದು ಮಾತ್ರ ಇಲ್ಲ. ನಾನು ಕನ್ನಡದಲ್ಲಿ ಓದಲು ಕಾಯುತ್ತಿರುವುದು ಅಂಥ ಗುರುವಿನ ಕಡೆಯಿಂದ ಬರುವ ಪುಸ್ತಕವನ್ನು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ನಲವತ್ತು ವರ್ಷ ಓಡಾಡಿದ ಒಬ್ಬ ಉಸ್ತಾದ್ ಹೇಳಿ ಬರೆಸಿದ್ದಾಗಲಿ. ಹತ್ತನೇ ತರಗತಿ ಮುಗಿಸಿ ಐ.ಟಿ.ಐ.ನಲ್ಲಿ ಎರಡು ವರ್ಷ ಮೋಟಾರ್ ಮೆಕ್ಯಾನಿಕ್ ಕಲಿತ ಹುಡುಗಿ ಬರೆದದ್ದಾಗಲಿ. ದಿನದ ಕೂಲಿ ಎಷ್ಟು, ಯಾರು ಬಾಕಿ ಉಳಿಸಿ ಓಡಿದರು, ಯಾವ ಎಂಜಿನ್ ಕೈಗೆ ದಕ್ಕಲಿಲ್ಲ, ಆಫೀಸು ಬಿಟ್ಟು ಬಂದು ಪಕ್ಕದಲ್ಲಿ ಕುಳಿತವನಿಗೆ ಕಲಿಸುವುದು ಎಷ್ಟು ಕಷ್ಟವಾಯಿತು ಎಂಬುದೆಲ್ಲ ಅದರಲ್ಲಿರಲಿ.