ಕಿವಿಗೊಟ್ಟಾಗ ಬೆಳೆದ ಕವಿ

ದಕ್ಷಿಣ ಆಫ್ರಿಕಾದಲ್ಲಿ ಡಚ್ಚಿನಿಂದ ಮೂಡಿದ ನುಡಿಯಾದ ಆಫ್ರಿಕಾನ್ಸ್‌ನ ಕಾವ್ಯಚರಿತ್ರೆ ಬರೆಯುವವರೆಲ್ಲ 1905ರ ಜೂನ್ ತಿಂಗಳಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಯುಜೀನ್ ಮರೇ (1871–1936) ಬರೆದ ‘ವಿಂಟರ್‌ನಖ್’, ಎಂದರೆ ‘ಚಳಿಗಾಲದ ರಾತ್ರಿ’, ‘ಲಾಂಡ್ ಎನ್ ಫೋಲ್ಕ್’ ಪತ್ರಿಕೆಯಲ್ಲಿ ಅಚ್ಚಾದದ್ದು ಆಗ. ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರು ಬ್ರಿಟಿಷರೆದುರು ಸೋತ ಬೋಯರ್ ಯುದ್ಧ ಮುಗಿದು ಆಗ ಮೂರೇ ವರ್ಷ. ಬ್ರಿಟಿಷ್ ಸೈನ್ಯ ಸುಟ್ಟ ಹೊಲಮನೆಗಳ ನೆನಪು ಇನ್ನೂ ಹಸಿಯಾಗಿತ್ತು. ಸುಟ್ಟ ಹುಲ್ಲುಗಾವಲು, ಕೊರೆಯುವ ಗಾಳಿ, ಮಸುಕು ಬೆಳಕು ಇಷ್ಟನ್ನೇ ಹೇಳುವ ಈ ಪುಟ್ಟ ಕವಿತೆಯನ್ನು ಜನ ಸೋತ ನಾಡಿನ ಶೋಕಗೀತೆಯಾಗಿ ಓದಿಕೊಂಡರು.

ಆ ಓದು ತಪ್ಪಲ್ಲ, ಆದರೆ ಕವಿಗೆ ಅದು ಸಾಲದು. ಕವಿತೆ ಯುದ್ಧದ ಹೆಸರನ್ನೇ ಎತ್ತುವುದಿಲ್ಲ. ಅದರ ಬಲವಿರುವುದು ಆ ಸಂಯಮದಲ್ಲೇ. ‘ಅಡುಗೆಮನೆಯ ಮಾತು’ ಎಂದು ಡಚ್ ಬಲ್ಲವರು ಹಳಿಯುತ್ತಿದ್ದ ನುಡಿ ಪಾಂಡಿತ್ಯದ ಹಂಗಿಲ್ಲದೆ ಕಾವ್ಯವಾಗಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. ಮರೇಯಾದರೂ ರಾಷ್ಟ್ರಕವಿಯ ಪೀಠಕ್ಕೆ ಹೊಂದುವವನಲ್ಲ. 1890ರ ದಶಕದಲ್ಲಿ ಇದೇ ಪತ್ರಿಕೆಯಲ್ಲಿ ಬೋಯರರ ಅಧ್ಯಕ್ಷ ಕ್ರೂಗರ್‌ನ ಆಡಳಿತವನ್ನು ಕಟುವಾಗಿ ಟೀಕಿಸಿದವನು ಅವನು. ಮಗ ಹುಟ್ಟಿದ ಬೆನ್ನಲ್ಲೇ, 1895ರಲ್ಲಿ, ಹೆಂಡತಿ ತೀರಿಕೊಂಡಳು. ಮಾರ್ಫೀನ್ ಚಟ ಬದುಕಿನುದ್ದಕ್ಕೂ ಬಿಡಲಿಲ್ಲ.

ನನ್ನ ದೃಷ್ಟಿಯಲ್ಲಿ ಅವನ ನಿಜವಾದ ಎತ್ತರ ಕಾಣುವುದು ವಾಟರ್‌ಬರ್ಗ್ ಬೆಟ್ಟಸೀಮೆಗೆ ಹೋದ ಮೇಲೆ. ಅಲ್ಲಿ ಬಬೂನ್ ಕೋತಿಗಳ ಹಿಂಡನ್ನು ತಾಳ್ಮೆಯಿಂದ ಗಮನಿಸಿದ. ಅಲ್ಲಿನ ಮೂಲನಿವಾಸಿಗಳಾದ ಸಾನ್ ಜನರ ಹೆಂಡ್ರಿಕ್ ಎಂಬ ಮುದುಕ ಹೇಳಿದ ಕಥೆಗಳಿಗೂ ಅಷ್ಟೇ ಶ್ರದ್ಧೆಯಿಂದ ಕಿವಿಗೊಟ್ಟ. ಅವು 1927ರಲ್ಲಿ ‘ದ್ವಾಲ್‌ಸ್ಟೋರೀಸ್’ ಎಂಬ ಪುಸ್ತಕವಾದವು. ಇಲ್ಲಿ ಗದ್ಯವೂ ಹಾಡೂ ಬೇರೆಬೇರೆ ನಿಲ್ಲುವುದಿಲ್ಲ. ಮಳೆಯನ್ನು ಕುಣಿಯುತ್ತ ಬರುವ ಹೆಣ್ಣಾಗಿ ಕಾಣುವ ‘ಮಳೆಯ ಕುಣಿತ’ ಈ ಸಂಗ್ರಹದ್ದೇ. ‘ವಿಂಟರ್‌ನಖ್’ನಲ್ಲಿ ನಿಸರ್ಗ ಮನುಷ್ಯನ ದುಃಖಕ್ಕೆ ಕನ್ನಡಿ, ಇಲ್ಲಿ ಅದಕ್ಕೆ ತನ್ನದೇ ಮೈ, ತನ್ನದೇ ನಡೆ.

ಒಂದು ಪ್ರಶ್ನೆ ಮಾತ್ರ ತಪ್ಪಿಸಿಕೊಳ್ಳಲಾಗದು. ಗೆದ್ದಲ ಹುಳುಗಳ ಬಗ್ಗೆ ತಾನು ಬರೆದ ಲೇಖನಗಳ ಸಾರವನ್ನು ನೊಬೆಲ್ ಪುರಸ್ಕೃತ ಬೆಲ್ಜಿಯನ್ ಲೇಖಕ ಮೇಟರ್‌ಲಿಂಕ್ 1926ರ ತನ್ನ ಪುಸ್ತಕದಲ್ಲಿ ಕದ್ದನೆಂದು ಮರೇ ದೂರಿದ. ಹಾಗೆ ನೊಂದವನ ಕಥಾಸಂಗ್ರಹಕ್ಕೆ ಕರ್ತೃವಾಗಿ ನಿಂತದ್ದು ಅವನೊಬ್ಬನ ಹೆಸರೇ. ಹೆಂಡ್ರಿಕ್ ಮುನ್ನುಡಿಯಲ್ಲಿ ಉಳಿದ. ಮರೇ ಋಣವನ್ನು ಮುಚ್ಚಿಡಲಿಲ್ಲ ಎಂಬುದು ನಿಜ. ಬಿಳಿಯರ ಆಳ್ವಿಕೆಯ ಆ ಕಾಲದಲ್ಲಿ ಅಷ್ಟು ಒಪ್ಪಿಕೊಂಡದ್ದೂ ಸಣ್ಣದಲ್ಲ. ಆದರೂ ಕಥೆ ಯಾರದು, ಕಟ್ಟಿದ ಬಗೆ ಯಾರದು ಎಂದು ಇಂದಿನ ಓದುಗ ಕೇಳಲೇಬೇಕು.

ಆಫ್ರಿಕಾನ್ಸ್ ಕಾವ್ಯಕ್ಕೆ ‘ವಿಂಟರ್‌ನಖ್’ ಆರಂಭವನ್ನು ಕೊಟ್ಟಿತು, ‘ದ್ವಾಲ್‌ಸ್ಟೋರೀಸ್’ ವಿಸ್ತಾರವನ್ನು ಕೊಟ್ಟಿತು. ಮರೇಯನ್ನು ಓದಹೊರಟವರು ಎರಡನೆಯದರಿಂದ ತೊಡಗುವುದು ಒಳ್ಳೆಯದು, ಹೆಂಡ್ರಿಕ್‌ನ ಹೆಸರನ್ನೂ ಜೊತೆಗಿಟ್ಟುಕೊಂಡು.